ಹಳೇಬೀಡಿನ ಗೈಡ್ ಹೆಲ್ಸಿಂಕಿಯ ಕಲ್ಲು ಮುಟ್ಟಿ ನೋಡಿದ್ದು

ನಾನು ಹಳೇಬೀಡಿನಲ್ಲಿ ಗೈಡ್. ಹೊಯ್ಸಳೇಶ್ವರನ ಗುಡಿಯ ಗೋಡೆ ಮುಂದೆ ನಿಂತು, ಇದು ಆನೆ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಆಮೇಲೆ ಕುದುರೆ ಅಂತ ಹೇಳುವುದೇ ನನ್ನ ಹೊಟ್ಟೆಪಾಡು. ಜೂನ್ ಬಂತು ಅಂದರೆ ಮಳೆ ಹಿಡಿಯುತ್ತದೆ, ಶಾಲೆ ತೆರೆದಿರುತ್ತದೆ, ಜನ ಬರುವುದು ಕಮ್ಮಿ. ಅಂಥ ಹೊತ್ತಿಗೆ ಅಕ್ಕ ಹಾಸನದಿಂದ ಫೋನ್ ಮಾಡಿ, "ನೀನು ಹೆಂಗೂ ಸುಮ್ನೆ ಕೂತಿರ್ತೀಯ, ನನ್ನ ಜೊತೆ ಬಾರೋ" ಅಂದಳು. ಅಕ್ಕನ ಮಗಳು, ಅಳಿಯ ಇಬ್ಬರೂ ಹೆಲ್ಸಿಂಕಿಯಲ್ಲಿ ಕೆಲಸದಲ್ಲಿದ್ದಾರೆ. ಹುಡುಗಿಗೆ ಚೊಚ್ಚಲ ಹೆರಿಗೆ. ಅಕ್ಕ ಬಾಣಂತನಕ್ಕೆ ಹೋಗಬೇಕು. ಒಬ್ಬಳೇ ವಿಮಾನ ಬದಲಾಯಿಸಿಕೊಂಡು ಹೋಗುವ ಧೈರ್ಯ ಅವಳಿಗಿಲ್ಲ. ಭಾವನಿಗೆ ತೋಟ ಬಿಟ್ಟು ಬರಲಿಕ್ಕೆ ಆಗಲ್ಲ. ಹೀಗೆ ರಾಗಿಹಿಟ್ಟು, ಒಣಕೊಬ್ಬರಿ, ಮೆಣಸು, ಹಳೇ ಕಾಟನ್ ಸೀರೆಗಳ ಜೊತೆ ನಾನೂ ಒಂದು ಲಗೇಜಾಗಿ ಫಿನ್ಲೆಂಡ್ ಸೇರಿದೆ.

ಸೇರಿದ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ನನಗೇನೂ ಕೆಲಸವಿಲ್ಲ. ಬಾಣಂತಿ, ಕೂಸು, ಅಕ್ಕ. ಅದರ ಮೇಲೆ ಅಳಿಯನೂ ಮನೆಯಲ್ಲೇ. ಅಲ್ಲಿ ಮಗು ಹುಟ್ಟಿದರೆ ಅಪ್ಪನಿಗೂ ರಜೆ ಕೊಡುತ್ತಾರೆ. ಅವನು ನನಗೊಂದು ಬಸ್ಸು, ಟ್ರಾಮು, ಮೆಟ್ರೋ ಎಲ್ಲದಕ್ಕೂ ಆಗುವ ಪಾಸ್ ಮಾಡಿಸಿಕೊಟ್ಟು ಹೇಳಿದ: "ಮಾಮ, ಹೆಲ್ಸಿಂಕಿಯಲ್ಲಿ ನೋಡೋಕೆ ಅಂಥದ್ದೇನಿಲ್ಲ. ಅರ್ಧ ದಿನ ಸಾಕು. ನೋಡಿದ್ರೆ ರೋಮ್ ನೋಡ್ಬೇಕು."

ಈ ಮಾತು ನನಗೆ ಹೊಸದಲ್ಲ. ಬೇಲೂರು ಮುಗಿಸಿಕೊಂಡು ಬರುವ ಬಸ್ಸಿನವರು ಹಳೇಬೀಡಿನಲ್ಲಿ ಇಳಿಯುವಾಗ ಇದನ್ನೇ ಹೇಳುತ್ತಾರೆ. "ಇಲ್ಲೂ ಅದೇ ತಾನೆ? ಬೇಗ ಮುಗಿಸಿ, ಊಟಕ್ಕೆ ಲೇಟಾಗುತ್ತೆ." ಹಾಗಾಗಿ ಅಳಿಯನ ಮಾತಿಗೆ ಹಟ ಹಿಡಿದವನ ಹಾಗೆ ನಿಧಾನವಾಗಿಯೇ ನೋಡಿದೆ. ಕಟ್ಟಡ ನೋಡುವ ಪಾಠ ನಾನು ಓದಿಲ್ಲ. ನನಗೆ ಗೊತ್ತಿರುವುದು ಒಂದೇ ದಾರಿ. ಯಾವ ಕಲ್ಲು ಅಂತ ಮೊದಲು ನೋಡುವುದು. ಆಮೇಲೆ ಆ ಕಲ್ಲು ಇಲ್ಲಿ ಯಾಕೆ ಬಂತು ಅಂತ ಕೇಳುವುದು.

ಎಲ್ಲರೂ ಶುರು ಮಾಡುವುದು ಸೆನೆಟ್ ಚೌಕದಿಂದ. ನಾನೂ ಅಲ್ಲಿಗೇ ಹೋದೆ. ಎತ್ತರದ ಮೆಟ್ಟಿಲು, ಅದರ ತುದಿಯಲ್ಲಿ ಬಿಳೀ ಕ್ಯಾಥೆಡ್ರಲ್, ಹಸಿರು ಗುಮ್ಮಟಗಳು. ಹೆಲ್ಸಿಂಕಿ ಅಂದರೆ ಫೋಟೋದಲ್ಲಿ ಬರುವುದು ಇದೇ. ಹತ್ತಿರ ಹೋಗಿ ಕೈಯಿಟ್ಟೆ. ಕಲ್ಲಲ್ಲ, ಗಾರೆ. ಒಳಗೆ ಇಟ್ಟಿಗೆ, ಮೇಲೆ ಗಾರೆ, ಅದರ ಮೇಲೆ ಬಣ್ಣ. ಮಾಡಿನ ಅಂಚಿನಲ್ಲಿ ಸಾಲಾಗಿ ನಿಂತಿರುವ ಹನ್ನೆರಡು ಜನ ಅಪೊಸ್ತಲರ ಮೂರ್ತಿಗಳೂ ಕಲ್ಲಿನವಲ್ಲ, ಸತುವಿನವು.

ಗಾರೆಯೇ ಯಾಕೆ ಅಂದರೆ, ಇದು ಅವಸರದಲ್ಲಿ ರಾಜಧಾನಿಯಾದ ಊರು. 1550ರಲ್ಲಿ ಸ್ವೀಡನ್ನಿನ ರಾಜ ಗುಸ್ತಾವ್ ವಾಸಾ ಕಟ್ಟಿಸಿದ್ದು. ಬಹುಕಾಲ ಮರದ ಮನೆಗಳ ಸಣ್ಣ ಊರಾಗಿಯೇ ಇತ್ತು. 1808ರಲ್ಲಿ ಬೆಂಕಿ ಬಿದ್ದು ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಮರುವರ್ಷವೇ ಫಿನ್ಲೆಂಡ್ ಸ್ವೀಡನ್ ಕೈತಪ್ಪಿ ರಷ್ಯಾದ ಪಾಲಾಯಿತು. ಹಳೇ ರಾಜಧಾನಿ ತುರ್ಕು ಸ್ವೀಡನ್ನಿಗೆ ತೀರಾ ಹತ್ತಿರ ಅಂತ ರಷ್ಯಾದ ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ 1812ರಲ್ಲಿ ಹೆಲ್ಸಿಂಕಿಯನ್ನು ರಾಜಧಾನಿ ಮಾಡಿದ. ಊರಿನ ನಕ್ಷೆ ಬರೆದವನು ಎರೆನ್‌ಸ್ಟ್ರೋಮ್. ಕಟ್ಟಡ ಕಟ್ಟಲು ಬಂದವನು ಬರ್ಲಿನ್ನಿನ ಕಾರ್ಲ್ ಲುಡ್ವಿಗ್ ಎಂಗೆಲ್. ಚೌಕದ ಒಂದು ಮಗ್ಗುಲಿಗೆ ಸರ್ಕಾರದ ಅರಮನೆ, ಎದುರು ಮಗ್ಗುಲಿಗೆ ವಿಶ್ವವಿದ್ಯಾಲಯ, ಮೇಲೆ ಚರ್ಚು. ಎಲ್ಲ ಒಬ್ಬನದೇ ಕೈ. ಚರ್ಚಿನ ಕೆಲಸ 1830ರಲ್ಲಿ ಶುರುವಾಗಿ 1852ರಲ್ಲಿ ಮುಗಿಯಿತು. ಎಂಗೆಲ್ ಅದನ್ನು ನೋಡಲಿಲ್ಲ, 1840ರಲ್ಲೇ ತೀರಿಕೊಂಡ. ಅವನ ನಂತರ ಬಂದ ಲೋರ್ಮಾನ್ ಮೂಲೆಗೊಂದರಂತೆ ನಾಲ್ಕು ಸಣ್ಣ ಗುಮ್ಮಟ ಸೇರಿಸಿದ, ಆ ಸತುವಿನ ಮೂರ್ತಿಗಳನ್ನೂ ನಿಲ್ಲಿಸಿದ. ನನ್ನ ಕೇಳಿದರೆ ಆ ನಾಲ್ಕು ಗುಮ್ಮಟ ಬೇಕಿತ್ತು. ಅವಿಲ್ಲದೆ ಆ ದೊಡ್ಡ ಗುಮ್ಮಟ ಒಂಟಿಯಾಗಿ ಕಾಣುತ್ತಿತ್ತು.

ಒಳಗೆ ಹೋದರೆ ಬೋಳು ಬೋಳು. ಬಿಳೀ ಗೋಡೆ, ಬೆಂಚು, ಮೂಲೆಗಳಲ್ಲಿ ಕ್ರೈಸ್ತ ಧರ್ಮ ಸುಧಾರಕ ಲೂಥರ್ ಮತ್ತು ಅವನ ಕಡೆಯ ಇನ್ನಿಬ್ಬರ ಪ್ರತಿಮೆ. ಅಷ್ಟೆ. ಗೋಡೆಯಲ್ಲಿ ಒಂದಿಂಚು ಜಾಗ ಬಿಡದೆ ಕೆತ್ತಿದ್ದನ್ನು ನೋಡಿ ಬೆಳೆದ ಕಣ್ಣು ಇಲ್ಲಿ ಏನು ಹಿಡಿದುಕೊಳ್ಳಬೇಕು ಅಂತ ತಡಕಾಡುತ್ತದೆ. ಹೊರಗಿನ ಮೆಟ್ಟಿಲೇ ನನಗೆ ಹಿಡಿಸಿದ್ದು. ಹುಡುಗರು, ಮುದುಕರು, ಐಸ್‌ಕ್ರೀಮ್ ತಿನ್ನುವವರು, ಬೆನ್ನುಚೀಲ ತಲೆದಿಂಬು ಮಾಡಿಕೊಂಡವರು ಎಲ್ಲ ಅಲ್ಲೇ. ಯಾರೂ ಸೀಟಿ ಊದುವುದಿಲ್ಲ.

ಚೌಕದ ನಡುವೆ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರನ ಪ್ರತಿಮೆ ಇದೆ, 1894ರದ್ದು. ರಷ್ಯಾದಿಂದ ಬಿಡಿಸಿಕೊಂಡು 1917ರಲ್ಲಿ ಸ್ವತಂತ್ರವಾದ ದೇಶ, ಆ ರಾಜನನ್ನು ಹಾಗೇ ಉಳಿಸಿಕೊಂಡಿದೆ. ಒಂದು ಟೂರಿಸ್ಟ್ ಗುಂಪಿನ ಗೈಡ್ ಹುಡುಗಿ ಇದನ್ನು ವಿವರಿಸುತ್ತಿದ್ದಳು, ನಾನು ಅಂಚಿನಲ್ಲಿ ನಿಂತು ಕೇಳಿಸಿಕೊಂಡೆ. ಈ ರಾಜ ಅವರ ಸಭೆ ಮತ್ತೆ ಸೇರಲು ಬಿಟ್ಟ, ಫಿನ್ನಿಷ್ ಭಾಷೆಗೆ ಕಚೇರಿಯಲ್ಲಿ ಜಾಗ ಕೊಟ್ಟ. ಮುಂದೆ ಬೇರೆ ರಾಜರು ಬಿಗಿ ಮಾಡಿದಾಗ ಜನ ಈ ಪ್ರತಿಮೆಗೆ ಹೂವು ತಂದಿಟ್ಟು ಸಿಟ್ಟು ತೋರಿಸುತ್ತಿದ್ದರಂತೆ. ಹುಡುಗಿ ಚೆನ್ನಾಗಿ ಹೇಳಿದಳು. ಇಸವಿಗಳನ್ನು ಕಮ್ಮಿ ಮಾಡಿ ಕಥೆ ಜಾಸ್ತಿ ಇಟ್ಟುಕೊಂಡಿದ್ದಳು. ಅದು ಕಸುಬು ಗೊತ್ತಿರುವವರ ಲಕ್ಷಣ. ಕೊನೆಗೆ ಚೌಕದ ಮೂಲೆಯ ಒಂದು ಮನೆ ತೋರಿಸಿ, ಊರಿನ ನಡುಭಾಗದಲ್ಲಿ ಉಳಿದಿರುವ ಅತಿ ಹಳೇ ಕಟ್ಟಡ ಇದೇ, ಸೆಡರ್‌ಹೋಲ್ಮ್ ಮನೆ, 1757 ಅಂದಳು. ಎಲ್ಲರೂ "ಓಹ್" ಅಂದರು. 1757! ನನಗೆ ನಗು ಬಂತು. ನಮ್ಮ ಬೇಲೂರಿನ ಗುಡಿಗೆ ಆಗಲೇ 640 ವರ್ಷವಾಗಿತ್ತು.

ಆದರೆ ಆ ನಗು ಜಾಸ್ತಿ ದಿನ ಉಳಿಯಲಿಲ್ಲ.

ಜೂನ್ ಕೊನೆಯ ಭಾಗದಲ್ಲಿ ಅಲ್ಲಿ ಒಂದು ಹಬ್ಬ. ಬೇಸಿಗೆಯ ನಡುಮಧ್ಯದ ಹಬ್ಬ, ಯುಹಾನ್ನುಸ್ ಅನ್ನುತ್ತಾರೆ. ಊರಿಗೆ ಊರೇ ಖಾಲಿ. ಎಲ್ಲರೂ ಕೆರೆ ದಂಡೆಯ ಮರದ ಮನೆಗಳಿಗೆ ಹೋಗಿಬಿಡುತ್ತಾರೆ. ಅಂಗಡಿ ಮುಚ್ಚಿರುತ್ತದೆ. ರಾತ್ರಿ 10 ಗಂಟೆ ದಾಟಿದರೂ ಬಿಸಿಲು ಇರುತ್ತದೆ. ಆ ಹೊತ್ತಿನಲ್ಲಿ ಅಲೆಕ್ಸಾಂಟೆರಿನ್‌ಕಾತು ಅನ್ನುವ ದೊಡ್ಡ ಬೀದಿಯಲ್ಲಿ ನಾನೊಬ್ಬನೇ ನಡೆಯುತ್ತಿದ್ದೆ. ಮೂಲೆಯಲ್ಲಿ ಒಂದು ಬೂದು ಬಣ್ಣದ ಕಟ್ಟಡ. ಬಾಗಿಲ ಸುತ್ತ ಹಲ್ಲು ಕಿರಿದ ಮುಖಗಳು, ಕರಡಿಗಳು, ದೇವದಾರು ಜಾತಿಯ ಕೊಂಬೆಗಳು. ಕಾಲು ತಾನಾಗಿ ನಿಂತಿತು. ಕೈಯಿಟ್ಟೆ. ಜಿಡ್ಡುಜಿಡ್ಡಾದ ನುಣುಪು. ಆ ನುಣುಪು ನನ್ನ ಬೆರಳಿಗೆ ಗೊತ್ತು. ಬಳಪದ ಕಲ್ಲು!

ಆ ಕಟ್ಟಡದ ಹೆಸರು ಪೊಹ್ಯೊಲಾ. 1901ರಲ್ಲಿ ಮುಗಿದದ್ದು. ಮಾಡಿದವರು ಗೆಸೆಲಿಯಸ್, ಲಿಂಡ್‌ಗ್ರೆನ್, ಸಾರಿನೆನ್ ಅನ್ನುವ ಮೂವರು ಹುಡುಗರು. ಮೂವರಿಗೂ ಆಗ ಮೂವತ್ತು ತುಂಬಿರಲಿಲ್ಲ. ಬಾಗಿಲಿನ ಆ ವಿಕಾರ ಮುಖಗಳು ಹಿಲ್ಡಾ ಫ್ಲೋದಿನ್ ಅನ್ನುವ ಶಿಲ್ಪಿಯವು, ಹೆಣ್ಣುಮಗಳು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಮದನಿಕೆಯ ಕಾಲಡಿ ಕೊರೆದಿದ್ದಾರೆ. ಹೆಣ್ಣಿನ ಹೆಸರು ಎಲ್ಲಾದರೂ ಸಿಗುತ್ತದಾ ಅಂತ ನಾನು ಹುಡುಕುತ್ತಲೇ ಇದ್ದೇನೆ, ಇನ್ನೂ ಸಿಕ್ಕಿಲ್ಲ.

ಕಲ್ಲು ಬಂದದ್ದು ಪೂರ್ವ ಫಿನ್ಲೆಂಡಿನ ಯೂಕಾ ಕಡೆಯಿಂದ. ಪೊಹ್ಯೊಲಾ ಅನ್ನುವುದು ಬೆಂಕಿ ವಿಮೆ ಕಂಪನಿ. ಬೆಂಕಿಗೆ ವಿಮೆ ಮಾಡಿಸುವವರು ಮರದಲ್ಲಿ ಕಟ್ಟಿದರೆ ಯಾರು ನಂಬುತ್ತಾರೆ? ಬಳಪದ ಕಲ್ಲು ಬೆಂಕಿಗೆ ಜಗ್ಗುವುದಿಲ್ಲ. ಅಲ್ಲಿ ಮನೆಯ ಒಲೆಗಳನ್ನೇ ಈ ಕಲ್ಲಿನಲ್ಲಿ ಕಟ್ಟುತ್ತಾರೆ. ಕಾಯಿಸಿದರೆ ಗಂಟೆಗಟ್ಟಲೆ ಶಾಖ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಕಲ್ಲು, ಅವರ ಕಲ್ಲು ಪೂರ್ತಿ ಒಂದೇ ಅಲ್ಲ, ಒಳಗಿನ ಪದಾರ್ಥದಲ್ಲಿ ಹೆಚ್ಚುಕಮ್ಮಿ ಇದೆ. ಆದರೆ ಮೆತ್ತಗಿನ ಗುಣ ಎರಡಕ್ಕೂ ಇದೆ. ಉಗುರಲ್ಲಿ ಗೀರಿದರೂ ಗುರುತು ಬೀಳುವಂಥ ಜಾತಿ. (ಗೀರಲಿಲ್ಲ. ಹಳೇಬೀಡಿನಲ್ಲಿ ಗೀರುವವರನ್ನು ದಿನಾ ಬೈಯುವವನು ನಾನು.) ಆ ಮೆತ್ತಗಿನ ಗುಣಕ್ಕೇ ನಮ್ಮವರು ಸರದ ಮಣಿಯ ಹಿಂದೆ ಗಾಳಿ ಆಡುವ ಹಾಗೆ ಕೊರೆದದ್ದು. ಇವರೂ ಅದೇ ಗುಣ ನೋಡಿ ಆರಿಸಿದ್ದಾರೆ. ರಷ್ಯಾದ ಕೈಕೆಳಗಿದ್ದ ಕಾಲ. ನಮ್ಮದು ಅನ್ನುವ ಏನಾದರೂ ಗೋಡೆಯ ಮೇಲೆ ಕಾಣಬೇಕು ಅಂತ ಅವರಿಗೆ ಹಂಬಲ. ಅದಕ್ಕೆ ತಮ್ಮ ಜನಪದ ಕಾವ್ಯ ಕಾಲೆವಾಲದ ಲೋಕವನ್ನು, ಕಾಡಿನ ಕರಡಿಯನ್ನು, ತಮ್ಮದೇ ನೆಲದ ಕಲ್ಲಿನಲ್ಲಿ ತಂದಿಟ್ಟರು.

ಅಲ್ಲಿಂದ ಐದು ನಿಮಿಷ ನಡೆದರೆ ರೈಲ್ವೆ ಸ್ಟೇಷನ್. ವಿಷಯ ಇರುವುದು ಇಲ್ಲಿ. ಸ್ಟೇಷನ್ ಕೂಡ ಅದೇ ಎಲಿಯೆಲ್ ಸಾರಿನೆನ್ ಕೈಯದ್ದು. ಆದರೆ ಪೊಹ್ಯೊಲಾ ನೋಡಿ ಬಂದವರು ಇದನ್ನು ನಂಬುವುದಿಲ್ಲ. ಇಲ್ಲಿ ಕರಡಿ ಇಲ್ಲ, ಕೊಂಬೆ ಇಲ್ಲ. ನಸುಗೆಂಪು ಗ್ರಾನೈಟಿನ ದೊಡ್ಡ ಸಾಫಾದ ಗೋಡೆ. ಒಂದು ಭಾರೀ ಕಮಾನು. ಅದರ ಎರಡೂ ಬದಿಗೆ ಇಬ್ಬಿಬ್ಬರು ದೈತ್ಯ ಗಂಡಸರು, ಕೈಯಲ್ಲಿ ಗುಂಡನೆಯ ದೀಪ ಹಿಡಿದು ನಿಂತಿದ್ದಾರೆ. ಎಮಿಲ್ ವಿಕ್‌ಸ್ಟ್ರೋಮ್ ಕೆಲಸ. ಮುಖದಲ್ಲಿ ನಗುವಿಲ್ಲ, ಮೈಮೇಲೆ ಒಡವೆಯಿಲ್ಲ. ಎದೆಯಿಂದ ಕೆಳಕ್ಕೆ ಬಟ್ಟೆಯೋ ಗೋಡೆಯೋ ಹೇಳಲಾಗದ ನೇರ ಗೆರೆಗಳು.

1904ರ ಸ್ಪರ್ಧೆಯಲ್ಲಿ ಗೆದ್ದಾಗ ಸಾರಿನೆನ್ ಬರೆದ ನಕ್ಷೆ ಹೀಗಿರಲಿಲ್ಲ. ಅದರಲ್ಲಿ ಕರಡಿಗಳೂ ಇದ್ದವು, ಹಳೇ ಕೋಟೆಯ ಕಳೆಯೂ ಇತ್ತು. ಫ್ರೊಸ್ಟೆರುಸ್, ಸ್ಟ್ರೆಂಗೆಲ್ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು ಇದನ್ನು ಹಿಗ್ಗಾಮುಗ್ಗಾ ಟೀಕಿಸಿದರು. ರೈಲಿನ ಕಾಲದಲ್ಲಿ ಕರಡಿ ಯಾಕೆ, ಕಬ್ಬಿಣ, ಕಾಂಕ್ರೀಟಿನ ಕಾಲಕ್ಕೆ ತಕ್ಕ ರೂಪ ಕೊಡು ಅನ್ನುವ ವಾದ. ಸಾರಿನೆನ್ ಯುರೋಪು ಸುತ್ತಿ ಬಂದು ಎಲ್ಲ ಬದಲಾಯಿಸಿದ. ಸ್ಟೇಷನ್ 1919ರಲ್ಲಿ ತೆರೆಯಿತು. ತಿಳಿದವರು ಹೇಳುವ ಕಾರಣ ಇಷ್ಟು.

ನಾನು ಹಾಸನ ಜಿಲ್ಲೆಯವನಾಗಿ ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಎರಡೂ ಕಲ್ಲಿನ ಕೆಲಸ ಇದೆ. ಹಳೇಬೀಡಿನಲ್ಲಿ ಬಳಪದ ಕಲ್ಲು, ಶ್ರವಣಬೆಳಗೊಳದಲ್ಲಿ ಗ್ರಾನೈಟು. ಬಳಪದ ಕಲ್ಲು ಕೇಳಿದಷ್ಟು ಕುಸುರಿ ಕೊಡುತ್ತದೆ. ಉಗುರು, ಬೆವರು, ಗೆಜ್ಜೆಯ ಒಳಗಿನ ಗುಂಡು, ಏನು ಬೇಕೋ ಅದು. ಗ್ರಾನೈಟು ಕುಸುರಿ ಕೊಡಲ್ಲ. ಅದು ಆಕಾರ ಕೊಡುತ್ತದೆ. ಗೊಮ್ಮಟನ ಮೈಮೇಲೆ ಏನಿದೆ ಹೇಳಿ? ಕಾಲಿಗೆ, ತೋಳಿಗೆ ಹಬ್ಬಿದ ಒಂದು ಬಳ್ಳಿ ಬಿಟ್ಟರೆ ಏನೂ ಇಲ್ಲ. ಆದರೂ 58 ಅಡಿಯ ಆ ಮೂರ್ತಿ ಮುಂದೆ ನಿಂತವರು ಕುಸುರಿ ಎಲ್ಲಿ ಅಂತ ಕೇಳುವುದಿಲ್ಲ. ಸಾರಿನೆನ್ ಮನಸ್ಸು ಬದಲಾಯಿಸಿದ್ದು ಟೀಕೆಗೇ ಇರಬಹುದು. ಆದರೆ ಅಷ್ಟು ದೊಡ್ಡ ಗ್ರಾನೈಟ್ ಗೋಡೆ ಎದ್ದ ಮೇಲೆ ಅದರ ಮೇಲೆ ಕರಡಿ ಕೂರಿಸಿದ್ದರೆ ಕಲ್ಲೇ ಒಪ್ಪುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ. ಈಗ ಪ್ರವಾಸಿಗರು ಹಳೇಬೀಡಿನಿಂದ ಬೆಳಗೊಳಕ್ಕೆ ಹೊರಟಾಗ ಇದನ್ನೇ ಹೇಳಿ ಕಳಿಸುತ್ತೇನೆ: ಅಲ್ಲಿ ಕೆತ್ತನೆ ಹುಡುಕಬೇಡಿ.

ಬಂದರಿನ ಪಕ್ಕದ ಉಸ್ಪೆನ್ಸ್ಕಿ ಕ್ಯಾಥೆಡ್ರಲ್ ಬಗ್ಗೆ ಎರಡೇ ಮಾತು. ಕೆಂಪು ಇಟ್ಟಿಗೆ, ಚಿನ್ನದ ತುದಿಗಳು, 1868. ಇಟ್ಟಿಗೆ ಬಂದದ್ದು ಓಲಾಂಡ್ ದ್ವೀಪದ ಬೊಮಾರ್‌ಸುಂಡ್ ಕೋಟೆಯಿಂದ. ರಷ್ಯಾದವರು ಕಟ್ಟಿದ್ದ ಆ ಕೋಟೆಯನ್ನು 1854ರಲ್ಲಿ ಇಂಗ್ಲಿಷರು, ಫ್ರೆಂಚರು ಸೇರಿ ಒಡೆದು ಹಾಕಿದರು. ಬಿದ್ದ ಇಟ್ಟಿಗೆಗಳನ್ನು ದೋಣಿಯಲ್ಲಿ ತಂದು ದೇವರ ಮನೆ ಕಟ್ಟಿದರು. ಅಲ್ಲಿನ ಹೆಸರಾಂತ ಸಂಗೀತಗಾರ ಸಿಬೆಲಿಯುಸ್ ಸ್ಮಾರಕಕ್ಕೂ ಹೋಗಿದ್ದೆ, 600ಕ್ಕೂ ಹೆಚ್ಚು ಉಕ್ಕಿನ ಕೊಳವೆಗಳ ಗುಚ್ಛ. ಫೋಟೋಗೆ ಚೆನ್ನಾಗಿದೆ. ಬಸ್ಸುಗಟ್ಟಲೆ ಜನ. ನನಗೆ ಅಲ್ಲಿ ಮಾಡಲು ಜಾಸ್ತಿ ಏನಿರಲಿಲ್ಲ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದೆ.

ಕಾಫಿ ಅಂದಾಗ ಹೇಳಲೇಬೇಕು. ಪ್ರಪಂಚದಲ್ಲಿ ತಲೆಗೆ ಅತಿ ಹೆಚ್ಚು ಕಾಫಿ ಕುಡಿಯುವವರಲ್ಲಿ ಈ ಜನ ಸೇರಿದ್ದಾರೆ. ಆದರೆ ಬೀಜವನ್ನು ಸರಿಯಾಗಿ ಹುರಿಯುವುದೇ ಇಲ್ಲ! ಹಸಿಹಸಿ ಬಣ್ಣ, ಹುಳಿ ರುಚಿ, ನೀರುನೀರು. ಭಾವನ ತೋಟ ಸಕಲೇಶಪುರದ ಕಡೆ, ಚಿಕೋರಿ ಹಾಕಿ ಗಟ್ಟಿ ಡಿಕಾಕ್ಷನ್ ಇಳಿಸುವ ಮನೆ. ಅಕ್ಕ ಒಂದು ಗುಟುಕು ಕುಡಿದು "ಲೋಟ ತೊಳೆದ ನೀರೇನೋ ಇದು?" ಅಂದಳು. ಅದರ ಜೊತೆ ಕೊಡುವ ಏಲಕ್ಕಿ ಹಾಕಿದ ಬನ್ನು ಮಾತ್ರ ಅವಳೂ ತಕರಾರಿಲ್ಲದೆ ತಿಂದಳು.

ಇನ್ನು ಬಂಡೆಯೊಳಗಿನ ಚರ್ಚು. ತೆಂಪೆಲಿಔಕಿಯೊ ಅಂತ ಹೆಸರು. ಅಪಾರ್ಟ್‌ಮೆಂಟುಗಳ ನಡುವೆ ಒಂದು ಬಂಡೆ ಗುಡ್ಡ. ಹೊರಗಿಂದ ನೋಡಿದರೆ ಚರ್ಚು ಅಂತ ಹೇಳಲಿಕ್ಕೇ ಆಗಲ್ಲ. ಮಕ್ಕಳು ಬಂಡೆ ಹತ್ತಿ ಕುಣಿಯುತ್ತಿದ್ದರು. ಅವರ ಕಾಲ ಕೆಳಗೇ ಚರ್ಚು. ಟಿಕೆಟ್ ತೆಗೆದು ಒಳಗೆ ಹೋದರೆ ಬಂಡೆಯನ್ನು ಬಾವಿ ತೋಡಿದ ಹಾಗೆ ಗುಂಡಗೆ ತೋಡಿದ್ದಾರೆ. ಮೇಲೆ 24 ಮೀಟರ್ ಅಗಲದ ತಾಮ್ರದ ಗುಮ್ಮಟ. ಗುಮ್ಮಟಕ್ಕೂ ಬಂಡೆಗೂ ನಡುವೆ ಸುತ್ತಲೂ ಗಾಜಿನ ಪಟ್ಟಿಗಳು. ಬೆಳಕು ಅಲ್ಲಿಂದ ಇಳಿಯುತ್ತದೆ. ಮಾಡಿದವರು ತಿಮೊ ಮತ್ತು ತುಓಮೊ ಸುಓಮಲೈನೆನ್, ಅಣ್ಣತಮ್ಮಂದಿರು. 1969ರಲ್ಲಿ ಮುಗಿಯಿತು.

ಈ ಜಾಗದಲ್ಲಿ ಚರ್ಚು ಆಗಬೇಕು ಅಂತ 1930ರ ದಶಕದಲ್ಲೇ ಓಡಾಡಿದ್ದರು. ಯುದ್ಧ ಬಂದು ನಿಂತುಹೋಯಿತು. 1961ರ ಸ್ಪರ್ಧೆಯಲ್ಲಿ ಈ ಅಣ್ಣತಮ್ಮಂದಿರು ಗೆದ್ದರು. ಗುಡ್ಡದ ಮೇಲೆ ಕಟ್ಟಿದರೆ ಗುಡ್ಡ ಹೋಗುತ್ತದೆ, ಸುತ್ತಲಿನ ಮನೆಯವರಿಗೆ ಇರುವ ಬಯಲು ಅದೊಂದೇ, ಆದ್ದರಿಂದ ಕೆಳಗೆ ಹೋಗೋಣ ಅಂದರು. ಕೆಲಸ ನಡೆಯುವಾಗ ವಿದ್ಯಾರ್ಥಿಗಳು ಬಂದು ಬಂಡೆಯ ಮೇಲೆ "ಬಿಯಾಫ್ರಾ" ಅಂತ ಬಣ್ಣದಲ್ಲಿ ಬರೆದಿದ್ದರು. ಆಫ್ರಿಕಾದ ಆ ನಾಡಿನಲ್ಲಿ ಜನ ಹಸಿವಿನಿಂದ ಸಾಯುತ್ತಿರುವಾಗ ಚರ್ಚಿಗೆ ದುಡ್ಡು ಯಾಕೆ ಅನ್ನುವ ಪ್ರಶ್ನೆ.

ಒಳಗಿನ ಗೋಡೆಯನ್ನು ಉಜ್ಜಿಲ್ಲ, ಪಾಲಿಶ್ ಮಾಡಿಲ್ಲ. ಸಿಡಿಮದ್ದಿಗೆ ಕೊರೆದ ತೂತಿನ ಗೆರೆಗಳು ಹಾಗೇ ಕಾಣುತ್ತವೆ. ನಾನು ನಮ್ಮ ಕಡೆಯ ಕಲ್ಲು ಕ್ವಾರಿಗಳಲ್ಲಿ ಇಂಥ ಗೆರೆ ಬೇಕಾದಷ್ಟು ನೋಡಿದ್ದೇನೆ. ಅವು ದೇವರ ಎದುರಿಗೂ ಇರಬಹುದು ಅಂತ ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಬಂಡೆ ಹಾಗೇ ಬಿಡಬೇಕು ಅಂತ ಒತ್ತಾಯ ಮಾಡಿದವರು ಸಂಗೀತದವರು. ಒರಟು ಕಲ್ಲಿಗೆ ಬಡಿದ ದನಿ ಚೆದುರಿ ಹದವಾಗಿ ಕೇಳುತ್ತದೆ. ಬಂಡೆಯ ಬಿರುಕಿನಿಂದ ನೀರು ಜಿನುಗುತ್ತದೆ. ಅದನ್ನೂ ಮುಚ್ಚಲು ಹೋಗಿಲ್ಲ, ಹರಿದು ಹೋಗಲು ಕಾಲುವೆ ಮಾಡಿ ಬಿಟ್ಟಿದ್ದಾರೆ. ನಾನು ಇದ್ದಾಗ ಯಾರೋ ಪಿಯಾನೋ ನುಡಿಸುತ್ತಿದ್ದರು. ಪಿಯಾನೋ ನನಗೆ ಅರ್ಥವಾಗಲ್ಲ. ಆದರೆ ದನಿ ಯಾವ ಕಡೆಯಿಂದ ಬರುತ್ತಿದೆ ಅಂತ ಕಣ್ಣು ಮುಚ್ಚಿದರೆ ಹೇಳಲಿಕ್ಕೆ ಆಗುತ್ತಿರಲಿಲ್ಲ, ಅದು ನಿಜ. ನೋಡಿದ ಎಲ್ಲದರಲ್ಲಿ ಇದಕ್ಕೆ ನಾನು ಮೊದಲ ಜಾಗ ಕೊಡುತ್ತೇನೆ. ಹೆಲ್ಸಿಂಕಿಯ ಬಂಡೆಗೆ ಸುಮಾರು 180ರಿಂದ 190 ಕೋಟಿ ವರ್ಷ ವಯಸ್ಸು. ನಮ್ಮ ಗೊರೂರಿನ ಕಲ್ಲಿಗೆ 300 ಕೋಟಿ ದಾಟಿದೆ. 1757ಕ್ಕೆ ನಕ್ಕವನಿಗೆ ಇಲ್ಲೂ ನಗಬಹುದಿತ್ತು, ಆದರೆ ಅಲ್ಲಿ ಕೂತಾಗ ಆ ಲೆಕ್ಕವೇ ತಲೆಗೆ ಬರಲಿಲ್ಲ. ಮನೆಗೆ ಬಂದ ಮೇಲೆ ಹಾಕಿದ ಲೆಕ್ಕ ಅದು.

ಫಿನ್ಲಾಂಡಿಯಾ ಹಾಲ್ ಕಥೆಯನ್ನು ಕಲ್ಲಿನ ಕೆಲಸದವರೆಲ್ಲ ಕೇಳಬೇಕು. ಫಿನ್ಲೆಂಡಿನ ಅತಿ ದೊಡ್ಡ ಹೆಸರಿನ ವಾಸ್ತುಶಿಲ್ಪಿ ಅಲ್ವಾರ್ ಆಲ್ಟೊ 1971ರಲ್ಲಿ ಮುಗಿಸಿದ ಸಭಾಭವನ. ಕೊಲ್ಲಿಯ ದಂಡೆಯಲ್ಲಿ ಉದ್ದಕ್ಕೆ ಬಿಳುಪಾಗಿ ಮಲಗಿದೆ. 1975ರಲ್ಲಿ 35 ದೇಶಗಳ ನಾಯಕರು ಯುರೋಪಿನ ಭದ್ರತೆ, ಸಹಕಾರದ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದ್ದು ಇಲ್ಲೇ. ಆಲ್ಟೊಗೆ ಇಟಲಿ ಅಂದರೆ ಪ್ರಾಣ. ಅಲ್ಲಿನ ಕರಾರಾ ಅಮೃತಶಿಲೆಯೇ ಬೇಕು ಅಂತ ಹಟ ಹಿಡಿದು ತೆಳ್ಳನೆಯ ಹಲಗೆಗಳನ್ನು ಗೋಡೆಗೆ ಹೊದಿಸಿದ. ಇಟಲಿಯ ಕಲ್ಲಿಗೆ ಹೆಲ್ಸಿಂಕಿಯ ಹವೆ ಗೊತ್ತಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿಸುವ ಶೀತ, ಬೇಸಿಗೆಯಲ್ಲಿ ದಿನವಿಡೀ ಬಿಸಿಲು. ಅಮೃತಶಿಲೆಯ ಒಳಗಿನ ಹರಳುಗಳು ಕಾದಾಗ ಒಂದು ಕಡೆಗೆ ಹಿಗ್ಗುತ್ತವೆ, ಇನ್ನೊಂದು ಕಡೆಗೆ ಕುಗ್ಗುತ್ತವೆ. ಮತ್ತೆ ಮತ್ತೆ ಹೀಗಾದರೆ ಒಂದರಿಂದ ಒಂದು ಬಿಡಿಸಿಕೊಳ್ಳುತ್ತವೆ. ಸುಮಾರು ಮೂರು ಸೆಂಟಿಮೀಟರ್ ದಪ್ಪದ ಹಲಗೆಗಳು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾದವು. ಬೀಳುವ ಭಯ ಶುರುವಾಯಿತು.

1990ರ ದಶಕದ ಕೊನೆಗೆ ಎಲ್ಲ ತೆಗೆದು ಹೊಸದು ಹಾಕಿದರು. ಯಾವುದು ಹಾಕಿದರು ಗೊತ್ತಾ? ಮತ್ತೆ ಕರಾರಾನೇ! ಆಲ್ಟೊ ಇಟ್ಟಿದ್ದು ಅದು, ಬದಲಾಯಿಸಬಾರದು ಅನ್ನುವ ವಾದ ಗೆದ್ದಿತು. ಅದೂ ಸೊಟ್ಟಗಾಯಿತು. ಕೊನೆಗೆ 2022ರಲ್ಲಿ ಬಾಗಿಲು ಹಾಕಿ, ಉತ್ತರ ಇಟಲಿಯ ಲಾಸಾ ಅನ್ನುವ ಊರಿನ ಗಟ್ಟಿ ಅಮೃತಶಿಲೆ ಹೊದಿಸಿ, 2025ರಲ್ಲಿ ತೆರೆದಿದ್ದಾರೆ. ನಾನು ಗೋಡೆಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದೆ. ಗಾರೆ ಕೆಲಸದವರು ಗೋಡೆ ಸಾಲು ನೋಡುವುದು ಹೀಗೇ. ಸದ್ಯಕ್ಕೆ ನೇರವಾಗಿದೆ. ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಹೆಂಗಸು ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಕಟ್ಟಡ ಚೆಂದ, ಅದರಲ್ಲಿ ಮಾತಿಲ್ಲ. ಆದರೆ ಊರ ಸುತ್ತ ಇಷ್ಟು ಗ್ರಾನೈಟ್ ಇಟ್ಟುಕೊಂಡು ಇಟಲಿಯಿಂದ ಕಲ್ಲು ತರಿಸಿದ್ದು ನನಗೆ ಒಗ್ಗಲಿಲ್ಲ. ಅಳಿಯನಿಗೆ ಹೇಳಿದರೆ, "ಮಾಮ, ಇಲ್ಲಿ ಆಲ್ಟೊ ಬಗ್ಗೆ ಹಂಗೆಲ್ಲ ಮಾತಾಡಂಗಿಲ್ಲ" ಅಂದ.

ಫಿನ್ಲಾಂಡಿಯಾದಿಂದ ಉತ್ತರಕ್ಕೆ ನಡೆದರೆ 1952ರ ಒಲಿಂಪಿಕ್ಸ್ ಸ್ಟೇಡಿಯಂ. ಅದರ ಬಿಳೀ ಗೋಪುರ 72.71 ಮೀಟರ್ ಎತ್ತರ. 1932ರಲ್ಲಿ ಮತ್ತಿ ಯಾರ್ವಿನೆನ್ ಚಿನ್ನ ಗೆದ್ದಾಗ ಭರ್ಜಿ ಎಸೆದಿದ್ದು ಅಷ್ಟೇ ದೂರ! ನಮ್ಮ ಕೆ.ಡಿ. ಜಾಧವ್ ಕುಸ್ತಿಯಲ್ಲಿ ಕಂಚು ಗೆದ್ದದ್ದು ಆ ಒಲಿಂಪಿಕ್ಸಿನಲ್ಲೇ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ತಂದ ಮೊದಲ ಪದಕ. ಕುಸ್ತಿ ನಡೆದ ಹಾಲ್ ಸ್ಟೇಡಿಯಂ ಹತ್ತಿರವೇ ಇದೆ. ಹೊರಗೆ ನಿಂತು ಒಂದು ಫೋಟೋ ತೆಗೆದುಕೊಂಡೆ.

ಸುವೊಮೆನ್‌ಲಿನ್ನಾ ಕೋಟೆಗೆ ಮಾರುಕಟ್ಟೆ ಚೌಕದಿಂದ ದೋಣಿ. ಕಾಲು ಗಂಟೆ ದಾರಿ. ಬಸ್ಸಿನ ಪಾಸೇ ಸಾಕು, ಬೇರೆ ಟಿಕೆಟ್ ಬೇಡ. ಸ್ವೀಡನ್ನಿನವರು ರಷ್ಯಾದ ಭಯಕ್ಕೆ 1748ರಲ್ಲಿ ಕಟ್ಟಲು ಶುರು ಮಾಡಿದ್ದು. ಮಾಡಿಸಿದವನು ಆಗಸ್ಟಿನ್ ಎರೆನ್‌ಸ್ವಾರ್ಡ್. ಗೋಡೆಗಳು ನೇರವಾಗಿಲ್ಲ, ಮೂಲೆಮೂಲೆಯಾಗಿ ಮುಂದಕ್ಕೆ ಚಾಚಿವೆ. ಇದನ್ನು ಎಲ್ಲೋ ನೋಡಿದ್ದೇನಲ್ಲ ಅಂದುಕೊಳ್ಳುವಷ್ಟರಲ್ಲಿ ನೆನಪಾಯಿತು, ಸಕಲೇಶಪುರದ ಮಂಜರಾಬಾದ್! ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಕೋಟೆ. ಎರಡಕ್ಕೂ ಗುರು ಒಬ್ಬನೇ, ಫ್ರಾನ್ಸಿನ ವೋಬಾನ್ ಅನ್ನುವ ಕೋಟೆ ಇಂಜಿನಿಯರ್. ಫಿರಂಗಿ ಬಂದ ಮೇಲೆ ಎತ್ತರದ ಗೋಡೆ ಗುರಿಯಾಗಿಬಿಡುತ್ತದೆ. ಅದಕ್ಕೆ ಗೋಡೆ ತಗ್ಗಿಸಿ, ದಪ್ಪ ಮಾಡಿ, ಮೂಲೆ ಚಾಚಿ. ಒಂದು ಮೂಲೆಯಿಂದ ಇನ್ನೊಂದರ ಬುಡಕ್ಕೆ ಗುಂಡು ಹಾರಿಸಬಹುದು. ಶತ್ರುವಿಗೆ ಅಡಗಲು ಜಾಗ ಸಿಗಬಾರದು.

ಇಷ್ಟೆಲ್ಲ ಕಟ್ಟಿ, 1808ರಲ್ಲಿ ರಷ್ಯಾದವರು ಮುತ್ತಿಗೆ ಹಾಕಿದಾಗ ಹೆಚ್ಚು ಹೊಡೆದಾಟವೇ ಇಲ್ಲದೆ ಕೋಟೆ ಬಿಟ್ಟುಕೊಟ್ಟರು. ಯಾಕೆ ಅಂತ ಇವತ್ತಿಗೂ ವಾದ ಮಾಡುತ್ತಾರೆ. 1991ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದ್ದು 2023ರಲ್ಲಿ. ನನಗೆ ಹೊಟ್ಟೆಕಿಚ್ಚಾದದ್ದು ಪಟ್ಟಿಯ ವಿಷಯಕ್ಕಲ್ಲ. ಕೋಟೆಯೊಳಗೆ ಸುಮಾರು 800 ಜನ ಈಗಲೂ ಸಂಸಾರ ಮಾಡಿಕೊಂಡಿದ್ದಾರೆ. ಕಿಟಕಿಯಲ್ಲಿ ಹೂಕುಂಡ, ಹಗ್ಗದಲ್ಲಿ ಬಟ್ಟೆ. ಒಳಗೆ ಒಂದು ತೆರೆದ ಜೈಲೂ ಇದೆ, ಅಲ್ಲಿನ ಕೈದಿಗಳು ಕೋಟೆ ಗೋಡೆಯ ರಿಪೇರಿ ಕೆಲಸ ಮಾಡುತ್ತಾರೆ. ಮಂಜರಾಬಾದಿನಲ್ಲಿ ಹುಲ್ಲು ಮತ್ತು ಸೆಲ್ಫಿ ತೆಗೆಯುವವರು ಬಿಟ್ಟರೆ ಯಾರಿದ್ದಾರೆ?

ಅಕ್ಕನಿಗೆ ಇದೆಲ್ಲ ಬೇಕಿರಲಿಲ್ಲ. ಅವಳ ಚಿಂತೆ ಬೇರೆ. ಅಲ್ಲಿನ ನರ್ಸು ಮನೆಗೆ ಬಂದು, ಕೂಸನ್ನು ದಿನಾ ಹೊರಗೆ ಗಾಳಿಗೆ ಕರೆದೊಯ್ಯಿ ಅಂತ ಹೇಳಿ ಹೋಗಿದ್ದಳು. ಆ ಊರಿನಲ್ಲಿ ಚಳಿಗಾಲದಲ್ಲೂ ಕೂಸುಗಳನ್ನು ಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ. ಅಕ್ಕ ಕಂಗಾಲು. "ತಲೆಗೆ ಗಾಳಿ ಹೋದ್ರೆ ಏನ್ ಗತಿ? ಕುಲಾವಿ ಹೊಲೀಬೇಕು ಕಣೋ. ಇಲ್ಲಿ ಅಂಗಡೀಲಿ ಸಿಗೋ ಟೋಪಿ ಕಿವಿ ಮುಚ್ಚಲ್ಲ." ತಂದಿದ್ದ ಕಾಟನ್ ಸೀರೆ ಇತ್ತು, ಮಿಷನ್ ಇರಲಿಲ್ಲ. ಮಗಳು ಮಲಗಿದಲ್ಲಿಂದಲೇ ಫೋನಿನಲ್ಲಿ ಏನೋ ಒತ್ತಿ, "ಅಮ್ಮ, ಲೈಬ್ರರೀಲಿ ಮಿಷನ್ ಬುಕ್ ಮಾಡಿದೀನಿ, ಮಾಮನ ಜೊತೆ ಹೋಗು" ಅಂದಳು.

ಲೈಬ್ರರಿಯಲ್ಲಿ ಹೊಲಿಗೆ ಮಿಷನ್! ಹೋದೆವು. ಓಡಿ ಅಂತ ಅದರ ಹೆಸರು. ರೈಲ್ವೆ ಸ್ಟೇಷನ್ನಿನ ಹತ್ತಿರ, ಪಾರ್ಲಿಮೆಂಟಿನ ಎದುರಿಗೆ. ಇದರಲ್ಲಿ ಮುಟ್ಟಿ ನೋಡಲು ಕಲ್ಲಿಲ್ಲ. ಮುಂಭಾಗ ಪೂರ್ತಿ ಮರದ ಹಲಗೆ, ಮೇಲೆ ಗಾಜು. ಆ ಮರದ ಮೈ ಚಾವಣಿ ಕಟ್ಟಿ ಮುಂದಕ್ಕೆ ಬಾಗಿದೆ, ಕೆಳಗೆ ನೂರಾರು ಜನ ಮಳೆಗೆ ನಿಲ್ಲಬಹುದು. ದೇಶಕ್ಕೆ ಸ್ವಾತಂತ್ರ್ಯ ಬಂದು ನೂರು ವರ್ಷವಾದ ನೆನಪಿಗೆ ಸರ್ಕಾರ ಜನಕ್ಕೆ ಕೊಟ್ಟ ಉಡುಗೊರೆ. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ತೆರೆದರು. ಪುಸ್ತಕ ಇರುವುದು ಮೂರನೇ ಮಹಡಿಯಲ್ಲಿ. ಎರಡನೆಯದರಲ್ಲಿ ಹೊಲಿಗೆ ಮಿಷನ್, ಪ್ರಿಂಟರ್, ಹಾಡು ರೆಕಾರ್ಡ್ ಮಾಡುವ ಕೋಣೆ. ಯಾರು ಬೇಕಾದರೂ ಬರಬಹುದು.

ಅಕ್ಕನ ಬಲಕ್ಕೆ ತೋಳಿಗೆಲ್ಲ ಹಚ್ಚೆ ಹಾಕಿಸಿಕೊಂಡ ಹುಡುಗ ಪ್ಯಾಂಟಿನ ಜಿಪ್ಪು ಹೊಲಿಯುತ್ತಿದ್ದ. ಬಾಬಿನ್ನಿಗೆ ದಾರ ಸುತ್ತುವುದು ಹೇಗೆ ಅಂತ ಅಕ್ಕ ಕನ್ನಡದಲ್ಲಿ ಕೇಳಿದಳು, ಅವನು ಎದ್ದು ಬಂದು ಸುತ್ತಿಕೊಟ್ಟ. ಒಂದು ಕುಲಾವಿ ಮುಗಿಯಿತು. ಇನ್ನೊಂದು ಮುಗಿಯಿತು. ನಾನು ಅವಳನ್ನು ಮೇಲಿನ ಮಹಡಿಯ ಹೊರಗಿನ ಜಗಲಿಗೆ ಕರೆದುಕೊಂಡು ಹೋದೆ. ಎದುರಿಗೆ ಕೆಂಪು ಗ್ರಾನೈಟಿನ ಪಾರ್ಲಿಮೆಂಟು, 1931ರದ್ದು, ಮುಂದೆ 14 ಕಂಬ. ಅದರ ಮೆಟ್ಟಿಲಿನ ತುದಿ ಎಷ್ಟು ಎತ್ತರಕ್ಕಿದೆಯೋ ಈ ಜಗಲಿಯೂ ಅಷ್ಟೇ ಎತ್ತರಕ್ಕಿರಬೇಕು ಅಂತ ಬೇಕಂತಲೇ ಹಾಗೆ ಕಟ್ಟಿದ್ದಾರೆ. ನನ್ನ ಕಸುಬು ಸುಮ್ಮನಿರಲು ಬಿಡಲಿಲ್ಲ, ಎಲ್ಲ ವಿವರಿಸಿದೆ. ಅಕ್ಕ ಕೇಳಿಸಿಕೊಂಡಳು.

"ಅಂದ್ರೆ ಅದು ಇವರ ವಿಧಾನಸೌಧ."

"ಹೂಂ ಕಣಕ್ಕ."

"ಅವರು ಮಾತಾಡ್ತಿರೋವಾಗ ನಾನಿಲ್ಲಿ ಕುಲಾವಿ ಹೊಲಿದ್ರೂ ಯಾರೂ ಕೇಳಲ್ಲ?"

"ಯಾರೂ ಕೇಳಲ್ಲ."

"ಹಂಗಾದ್ರೆ ಸೋಮವಾರಕ್ಕೂ ಬುಕ್ ಮಾಡ್ಸು" ಅಂದಳು. "ಲಂಗೋಟಿ ಸಾಲಲ್ಲ, ಇನ್ನೂ ಒಂದು ಸೀರೆ ಹಂಗೇ ಇದೆ."